ಆಗಿಬರದ ಟ್ರಕ್ಕುಗಳು

ನಗಬಾರದ ಹೊತ್ತಿನಲ್ಲಿ ನಗು ಬರಿಸುವಂಥದ್ದು ಏನಾದರೊಂದು ನಮ್ಮ ಮನೆಯಲ್ಲಿ ಆಗಿಯೇ ತೀರುತ್ತದೆ. ಮದುವೆಯಾದ ದಿನದಿಂದ ನೋಡಿಕೊಂಡು ಬಂದಿದ್ದೇನೆ. ನಮ್ಮ ಯಜಮಾನರಿಗೆ ಕ್ಯಾನ್ಸರ್ ಅಂತ ಗೊತ್ತಾದ ಮೇಲಾದರೂ ಇದು ನಿಲ್ಲಬಹುದು ಅಂದುಕೊಂಡಿದ್ದೆ. ನಿಲ್ಲಲಿಲ್ಲ, ಇನ್ನೂ ಜಾಸ್ತಿಯಾಯಿತು. ಎರಡೂವರೆ ವರ್ಷದಲ್ಲಿ ಅವರು ಮೂರು ಕಂಪನಿಗಳ ಮೂರು ಡೀಸೆಲ್ ಟ್ರಕ್ಕು ಕೊಂಡರು. ಟ್ರಕ್ಕು ಅಂದರೆ ಊರ ಕಡೆಯ ಮರಳು ಲಾರಿ ಅಲ್ಲ. ಮುಂದೆ ಐದು ಜನ ಕೂರುವ, ಹಿಂದೆ ತೆರೆದ ತೊಟ್ಟಿಯಿರುವ, ಏನು ಕಟ್ಟಿದರೂ ಎಳೆಯುವ ಟೆಕ್ಸಸ್ಸಿನ ಪಿಕಪ್ಪು. ಕಂಪನಿಗಳ ಹೆಸರು ಹೇಳುವುದಿಲ್ಲ, ಪಾಪ, ಅವುಗಳದ್ದೇನೂ ತಪ್ಪಿಲ್ಲ. ಬಿಳಿ, ಕರಿ, ಕೆಂಪು ಅಂತ ಬಣ್ಣದಲ್ಲೇ ಹೇಳುತ್ತೇನೆ.

೧. ಸೇಫ್ಟಿ ಫ್ಯಾಕ್ಟರ್

ನಮ್ಮ ಮನೆ ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿ. ಆಸ್ಪತ್ರೆ ಹ್ಯೂಸ್ಟನ್‌ನಲ್ಲಿ, ನಾಲ್ಕು ಗಂಟೆ ಡ್ರೈವ್. ಒಂದೊಂದು ಸಲ ತಿಂಗಳುಗಟ್ಟಲೆ ಅಲ್ಲೇ ಇರಬೇಕಾಗುತ್ತೆ ಅಂದರು ಡಾಕ್ಟರು. ಅಲ್ಲಿನ ಸ್ನೇಹಿತರು ನಮ್ಮನೇಲೇ ಇರಿ ಅಂತ ಕರೆದರು. ಇನ್ನೊಬ್ಬರ ಮನೆಯ ಬಚ್ಚಲಲ್ಲಿ ವಾಂತಿ ಮಾಡಿಕೊಂಡು ಕೂರೋಲ್ಲ ಅಂದರು ಇವರು. ಹೋಟೆಲೂ ಬೇಡ, ಅಲ್ಲಿ ಸಾರು ಮಾಡೋಕೆ ಬಿಡೋದಿಲ್ಲ. ಕೊನೆಗೆ ಮಂಚ, ಅಡುಗೆಮನೆ, ಬಚ್ಚಲು ಎಲ್ಲಾ ಇರುವ, ಚಕ್ರದ ಮೇಲಿನ ಟ್ರೇಲರ್ ಮನೆಯೊಂದನ್ನು ಕೊಂಡರು. ಆಸ್ಪತ್ರೆಗೆ ಹತ್ತಿರದಲ್ಲಿ ಇಂಥ ಮನೆಗಳನ್ನು ನಿಲ್ಲಿಸುವ ಪಾರ್ಕ್ ಇತ್ತು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ನಮ್ಮ ಹಾಗೆ ರೋಗ ಕಟ್ಟಿಕೊಂಡು ಬಂದವರೇ.

ಮನೆ ಎಳೆಯೋಕೆ ಟ್ರಕ್ಕು ಬೇಕಲ್ಲ. ನಮ್ಮವರು ಫಾರ್ಮರ್ಸ್ ಬ್ರಾಂಚ್ ಅನ್ನುವ ಪಕ್ಕದೂರಿನ ಆಫೀಸೊಂದರಲ್ಲಿ ಇಪ್ಪತ್ತೆಂಟು ವರ್ಷ ಸೇತುವೆ ಡಿಸೈನ್ ಮಾಡಿ ರಿಟೈರ್ ಆದವರು. ಸುಮ್ಮನೆ ಹೋಗಿ ಟ್ರಕ್ಕು ಕೊಳ್ಳುವ ಜನವೇ? ಟ್ರೇಲರಿಗೆ ತುಂಬುವ ಪ್ರತಿಯೊಂದು ಸಾಮಾನನ್ನೂ ತೂಕ ಮಾಡಿ ಪಟ್ಟಿ ಬರೆದರು. ರಾಗಿಹಿಟ್ಟು, ಕುಕ್ಕರು, ದೇವರ ಮಂಟಪ, ರುಬ್ಬುವ ಗ್ರೈಂಡರು. ಶೋರೂಮಿನ ಸೇಲ್ಸ್‌ಮನ್ ದೊಡ್ಡ ಹ್ಯಾಟಿನ ಮನುಷ್ಯ. ಏನು ಎಳೀಬೇಕು ಸಾರ್, ಕುದುರೆಯೋ ದೋಣಿಯೋ ಅಂತ ಕೇಳಿದ. ಇವರು ಪಟ್ಟಿ ಕೊಟ್ಟರು. ಅವನು ಗ್ರೈಂಡರ್ ಅಂದರೇನು ಅಂತ ಕೇಳಿದ್ದಕ್ಕೆ ಹತ್ತು ನಿಮಿಷ ದೋಸೆ ಹಿಟ್ಟಿನ ವಿಚಾರ ಹೇಳಿದರು.

ಪಟ್ಟಿಯ ಕೊನೆಯಲ್ಲಿ ಇಬ್ಬರು ಮನುಷ್ಯರು. ತಮ್ಮದು ನೂರ ಎಪ್ಪತ್ತೆಂಟು ಪೌಂಡು ಅಂತ ಮೊದಲೇ ಬರೆದಿದ್ದರು. ಆಮೇಲೆ ಆ ಪರಗಂಡಸಿನ ಎದುರಿಗೇ ನನ್ನ ಕಡೆ ತಿರುಗಿ ನಿನ್ನದೆಷ್ಟೇ ಅಂದರು. ನೂರ ನಲವತ್ತು ಅಂದೆ. ಇವರು ತಲೆ ಎತ್ತದೆ ಬರೆದುಕೊಂಡು ಸೇಲ್ಸ್‌ಮನ್‌ಗೆ ಹೇಳಿದರು, "ಇದಕ್ಕೆ ಇಪ್ಪತ್ತು ಸೇರಿಸಿಕೊಳ್ಳಿ. ಸೇಫ್ಟಿ ಫ್ಯಾಕ್ಟರ್."

ಆ ಮಹಾರಾಯ ಹ್ಯಾಟು ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡ.

೨. ನೀಲಿ ಮುಚ್ಚಳ

ಬಿಳಿ ಟ್ರಕ್ಕು ಬಂತು. ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಬೇಕು ಅಂತ ನಾನು ಹಠ ಹಿಡಿದೆ. ರಾಹುಕಾಲ, ಶಕುನ ಯಾವುದನ್ನೂ ನಂಬದ ಮನುಷ್ಯ, ನನ್ನ ಬಾಯಿಗೆ ಹೆದರಿ ಒಪ್ಪಿಕೊಂಡರು. ಚಕ್ರದ ಕೆಳಗಿಡೋಕೆ ನಾಲ್ಕು ನಿಂಬೆಹಣ್ಣು ಒಯ್ದಿದ್ದೆ. ಹೋಗಿ ನೋಡಿದರೆ ಟ್ರಕ್ಕಿಗೆ ಆರು ಚಕ್ರ, ಹಿಂದೆ ಎರಡು ಜೋಡಿ. ಇರೋ ನಾಲ್ಕನ್ನೇ ಹೇಗೋ ಹೊಂದಿಸೋಣಮ್ಮ ಅಂದರು ಅರ್ಚಕರು. ಭಾರವೆಲ್ಲ ಬೀಳೋದೇ ಹಿಂದೆ, ಅಲ್ಲಿ ಕಡಿಮೆ ಮಾಡಬೇಡಿ ಅಂತ ನಂಬಿಕೆಯಿಲ್ಲದ ನಮ್ಮವರೇ ಜಗಳಕ್ಕೆ ನಿಂತರು.

ಪೂಜೆ ಮುಗಿದ ಮೇಲೆ ಚೊಂಬಿನಲ್ಲಿ ತೀರ್ಥ ಉಳಿಯಿತು. ತೀರ್ಥವನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು. ಆ ಪಾರ್ಕಿಂಗ್ ಲಾಟಿನಲ್ಲಿ ಗಿಡ ಎಲ್ಲಿಂದ ತರಲಿ? ಟ್ರಕ್ಕಿನ ಪಕ್ಕದಲ್ಲಿ, ಡೀಸೆಲ್ ಬಾಯಿಯ ಜೊತೆಗೇ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಬಾಯಿ ಇತ್ತು. ಅದಕ್ಕೆ ಏನು ಹಾಕೋದು ಅಂತ ಹಿಂದಿನ ದಿನ ಕೇಳಿದ್ದೆ. ಹೊಗೆ ಶುದ್ಧ ಮಾಡೋಕೆ, ನೀರಿನಂಥದ್ದೇ ಒಂದು ದ್ರವ ಅಂದಿದ್ದರು. ಶುದ್ಧ ಮಾಡೋದಕ್ಕೆ ತೀರ್ಥಕ್ಕಿಂತ ಬೇಕೇ? ಇವರು ಅರ್ಚಕರ ಜೊತೆ ಮಾತಾಡುತ್ತಿದ್ದಾಗ ಚೊಂಬನ್ನು ಪೂರ್ತಿ ಅದಕ್ಕೇ ಬಗ್ಗಿಸಿ, ಕಣ್ಣಿಗೊತ್ತಿಕೊಂಡು, ಮುಚ್ಚಳ ತಿರುಗಿಸಿದೆ.

ಮಾರನೆಯ ವಾರ, ಚಿಕಿತ್ಸೆ ಶುರುವಾದ ಮೇಲಿನ ಮೊದಲನೇ ಸ್ಕ್ಯಾನ್. ಟ್ರೇಲರ್ ಕಟ್ಟಿಕೊಂಡು ಹ್ಯೂಸ್ಟನ್ ದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ಟ್ರಕ್ಕಿನ ಪರದೆಯ ಮೇಲೆ ಅಕ್ಷರ ಬಂತು: ದ್ರವ ಸರಿಯಿಲ್ಲ, ಇನ್ನು ಮುಂದೆ ಗಂಟೆಗೆ ಐದು ಮೈಲಿ. ಐದು ಅಂದರೆ ಐದೇ, ಒಂದು ಕೂದಲೆಳೆ ಹೆಚ್ಚಿಲ್ಲ. ಪಕ್ಕದಲ್ಲಿ ಎಲ್ಲರೂ ಎಪ್ಪತ್ತೈದರಲ್ಲಿ ಹೋಗುತ್ತಿದ್ದಾರೆ, ನಾವು ರಸ್ತೆಯ ಅಂಚಿನಲ್ಲಿ ದೀಪ ಮಿಟುಕಿಸಿಕೊಂಡು, ಮನೆ ಮಠ ಸಮೇತ ತೆವಳುತ್ತಿದ್ದೇವೆ. ಬೇಲಿಯಾಚೆಯ ದನವೊಂದು ನಮ್ಮ ಜೊತೆ ನಡೆದುಕೊಂಡು ಬಂತು. ಸ್ವಲ್ಪ ಹೊತ್ತಿಗೆ ಅದು ನಮಗಿಂತ ಮುಂದೆ ಹೋಯಿತು. ಯಾಕೆ ಹೀಗಾಯಿತು ಅನ್ನೋದು ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು.

ಕೊನೆಗೆ ಬೇರೊಂದು ಕಂಪನಿಯ ಕರಿ ಟ್ರಕ್ಕು ಬಂದು, ಎಳೆಯೋದಕ್ಕೆ ಅಂತ ಕೊಂಡ ನಮ್ಮ ಟ್ರಕ್ಕನ್ನು ಎಳೆದುಕೊಂಡು ಹೋಯಿತು. ರಿಪೇರಿ ಅಂಗಡಿಯ ಮೆಕ್ಯಾನಿಕ್ ಒಂದು ಲೋಟ ಹಿಡಿದು ನನ್ನ ಹತ್ತಿರ ಬಂದ. ಲೋಟದಲ್ಲಿ ಒದ್ದೆಯಾದ ಒಂದು ಎಲೆ. ಪಿಜ್ಜಾದ ಮೇಲೆ ಹಾಕುವ ಬೇಸಿಲ್ ಎಲೆ ಅಂದುಕೊಂಡು, ನಿಮ್ಮನೇಲಿ ಪಿಜ್ಜಾ ಜಾಸ್ತಿ ಮಾಡ್ತೀರಾ ಅಂತ ಕೇಳಿದ. ಇಲ್ಲಪ್ಪಾ ಅಂದೆ. ತುಳಸಿಯನ್ನು ಕಸಕ್ಕೆ ಹಾಕಬಾರದಲ್ಲ, ಎತ್ತಿ ಪರ್ಸಿನಲ್ಲಿಟ್ಟುಕೊಂಡೆ.

ಸ್ಕ್ಯಾನ್ ಚೆನ್ನಾಗಿ ಬರಲಿಲ್ಲ. ಗಡ್ಡೆ ಬೆಳೆದಿತ್ತು. ಆಸ್ಪತ್ರೆಯ ಲಿಫ್ಟಿನಲ್ಲಿ ಇವರು, "ಆ ಬಿಳಿ ಟ್ರಕ್ಕು ನಮಗೆ ಆಗಿಬರಲಿಲ್ಲ ಕಣೇ" ಅಂದರು. ಮನೆ, ಸೊಸೆ, ಹಸು ಎಲ್ಲದರ ಮೇಲೂ ಅತ್ತೆಮ್ಮ ಹೇಳುತ್ತಿದ್ದ ಮಾತದು. ಸೇತುವೆ ಕಟ್ಟಿದ ಮಗನ ಬಾಯಲ್ಲಿ ಬಂದದ್ದು ಅವತ್ತೇ ಮೊದಲು. ತೀರ್ಥದ ವಿಷಯ ಹೇಳೋಕೆ ಬಾಯಿ ಬರಲಿಲ್ಲ. ತಿಂಗಳೊಳಗೆ ಬಿಳಿ ಹೋಗಿ ಕರಿ ಬಂತು, ನಮ್ಮನ್ನು ಎಳೆದುಕೊಂಡು ಹೋಗಿದ್ದ ಅದೇ ಕಂಪನಿಯದು.

೩. ಎರಡು ತಟ್ಟು

ಮಗಳಿರೋದು ಆಸ್ಟಿನ್‌ನಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು. ಚಿಕಿತ್ಸೆಯ ನಡುವೆ ಎರಡು ವಾರ ಬಿಡುವು ಸಿಕ್ಕಿತು ಅಂತ ಮನೆ ಎಳೆದುಕೊಂಡು ಅವಳ ಮನೆಗೆ ಹೋದೆವು.

ಟ್ರೇಲರನ್ನು ಹಿಂದಕ್ಕೆ ತೆಗೆಯುವುದು ಅಂದರೆ ದೊಡ್ಡ ಕರ್ಮಕಾಂಡ. ಡೀಸೆಲ್ ಸದ್ದಿನಲ್ಲಿ ನಾನು ಕೂಗಿದ್ದು ಇವರಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಮೈಸೂರು ಸಿಟಿ ಬಸ್ಸಿನ ಪದ್ಧತಿ ಮಾಡಿಕೊಂಡಿದ್ದೆವು. ನಾನು ಹಿಂದೆ ನಿಂತು, ಕಂಡಕ್ಟರ್ ಬಸ್ಸಿನ ಮೈ ತಟ್ಟುವ ಹಾಗೆ ಟ್ರೇಲರಿನ ಮೈ ತಟ್ಟಬೇಕು. ಎರಡು ತಟ್ಟಿದರೆ ಹೊರಡು, ಒಂದು ತಟ್ಟಿದರೆ ನಿಲ್ಲು. ಎಷ್ಟೋ ಊರಲ್ಲಿ ಒಂದು ಗೀರೂ ಬೀಳದೆ ನಡೆದಿತ್ತು.

ಅವತ್ತು ಸರಿಯಾದ ಜಾಗಕ್ಕೆ ಬಂದ ಕೂಡಲೇ ಒಂದು ತಟ್ಟಿದೆ, ನಿಂತರು. ಅಷ್ಟರಲ್ಲಿ ಎದುರು ಮನೆಯ ಅಜ್ಜ ಬಂದ. ತುಂಬ ಒಳ್ಳೆಯವನು. ಕಾಯಿಲೆಯವರು ಅಂತ ಗೊತ್ತಾಗಿ, ಧೈರ್ಯ ಹೇಳೋದಕ್ಕೆ ಅಂತಲೇ ಬಂದಿದ್ದ. ಎಂಥಾ ಚಂದದ ಮನೆ ಅಂತ ಹೇಳುತ್ತಾ ಟ್ರೇಲರಿನ ಬೆನ್ನನ್ನು ಪ್ರೀತಿಯಿಂದ ಎರಡು ಸಲ ತಟ್ಟಿದ.

ನಮ್ಮವರು ಮುಂದಕ್ಕೆ ಹೊರಟೇಬಿಟ್ಟರು. ರಸ್ತೆ ದಾಟಿ, ಹುಲ್ಲು ಹತ್ತಿ, ಅಂಚೆ ಡಬ್ಬಿಯೊಂದನ್ನು ಬುಡಸಮೇತ ಕೆಡವಿ ನಿಂತರು. ಡಬ್ಬಿ ಆ ಅಜ್ಜನದೇ. ತಪ್ಪಾಯಿತು ಅಂತ ನಮ್ಮ ಕೈ ಹಿಡಿದುಕೊಂಡು ಕ್ಷಮೆ ಕೇಳಿದವನೂ ಅವನೇ.

ಮುಂದಿನ ಸ್ಕ್ಯಾನಿನಲ್ಲಿ ಲಿವರಿಗೂ ಹೋಗಿದೆ ಅಂದರು. ನನಗೆ ಗೊತ್ತಿತ್ತು, ಇನ್ನು ಕರಿ ಟ್ರಕ್ಕು ಉಳಿಯೋಲ್ಲ. ಮಗಳು ಫೋನಿನಲ್ಲಿ ಸಿಟ್ಟಿನಿಂದಲೇ ಹೇಳಿದಳು, ಲಿವರಿಗೆ ಟ್ರಕ್ಕಿನ ಬಣ್ಣ ಗೊತ್ತಿರೋಲ್ಲ ಅಪ್ಪ ಅಂತ. "ಲಿವರಿಗೆ ಗೊತ್ತಿಲ್ಲ ಸರಿ, ನನಗೆ ಗೊತ್ತಲ್ಲ" ಅಂದರು.

೪. ಅಕ್ಕಿ ಮೂಟೆ

ಕೆಂಪು ಟ್ರಕ್ಕು ಕೊಳ್ಳುವಾಗ ಮೂರನೇ ಕಂಪನಿ, ಮೂರನೇ ಸೇಲ್ಸ್‌ಮನ್. ಪಟ್ಟಿ ಮಾತ್ರ ಅದೇ. ಗ್ರೈಂಡರ್ ಹಾಗೇ ಇತ್ತು, ದೇವರು ಹಾಗೇ ಇದ್ದರು, ನಾನೂ ಹಾಗೇ ಇದ್ದೆ. ತಮ್ಮ ಸಾಲಿಗೆ ಬಂದಾಗ ಇವರು ನೂರ ಎಪ್ಪತ್ತೆಂಟನ್ನು ಹೊಡೆದು ನೂರ ಹದಿನೆಂಟು ಅಂತ ಬರೆದರು. ಸೇಲ್ಸ್‌ಮನ್ ಪಟ್ಟಿ ನೋಡಿದ, ಇವರನ್ನು ನೋಡಿದ, ಪೆನ್ನು ತಿರುಗಿಸುತ್ತಾ ಕೂತ. ನನಗೆ ತಡೆಯಲಿಲ್ಲ.

"ಅದಕ್ಕೆ ಇಪ್ಪತ್ತು ಸೇರಿಸಿಕೊಳ್ಳಪ್ಪಾ. ಸೇಫ್ಟಿ ಫ್ಯಾಕ್ಟರ್" ಅಂದೆ.

ಇವರು ಕೆಮ್ಮು ಬರುವ ತನಕ ನಕ್ಕರು. ಕೆಮ್ಮು ನಿಂತ ಮೇಲೆ ಸಹಿ ಹಾಕಿದರು. ನಾನು ಕಾಫಿ ತರುವ ನೆಪದಲ್ಲಿ ಎದ್ದುಹೋಗಿ ಅತ್ತೆ.

ಔಷಧಿಯಿಂದ ಅವರ ಕೈಕಾಲಿನ ಸ್ಪರ್ಶ ಹೊರಟುಹೋಗಿತ್ತು, ಡ್ರೈವ್ ಮಾಡಕೂಡದು ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಅರವತ್ತಮೂರನೇ ವಯಸ್ಸಿನಲ್ಲಿ ನಾನು ಮನೆ ಎಳೆಯೋದು ಕಲಿತೆ. ಕಲಿಸಿದವರು ಅವರೇ. ಮದುವೆಯಾದ ಮೂವತ್ತೈದು ವರ್ಷದಲ್ಲಿ ತಿಂದಿರದಷ್ಟು ಬೈಗುಳ ಆ ಒಂದು ವಾರದಲ್ಲಿ ತಿಂದೆ, ನಾನೂ ಏನು ಸುಮ್ಮನಿರಲಿಲ್ಲ.

ಒಂದು ದಿನ ಹೀರೇಕಾಯಿ ತರೋಣ ಅಂತ ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಹ್ಯೂಸ್ಟನ್‌ನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿಗೆ ಹೋದೆವು. ನಾಲ್ಕು ಕಾರಿನ ಜಾಗ ಹಿಡಿದು ಟ್ರಕ್ಕು ನಿಲ್ಲಿಸಿದೆ. ಸೀರೆ ಎತ್ತಿಕಟ್ಟಿ, ಬಾಗಿಲ ಹಿಡಿ ಹಿಡಿದು ಕೆಳಕ್ಕೆ ಧುಮುಕಿದೆ. ದಿನಸಿ ಅಂಗಡಿಯಿಂದ ಓಡಿಬಂದ ಮಾಲೀಕ ಹಿಂದಿಯಲ್ಲಿ ಗದರಿಸಿದ: ಮುಂದಿನ ಬಾಗಿಲಲ್ಲಿ ಯಾಕೆ ನಿಲ್ಲಿಸಿದಿರಿ, ಅಕ್ಕಿ ಮೂಟೆ ಇಳಿಸೋದು ಹಿಂದೆ. ಒಳಗೆ ಕೂತಿದ್ದ ನಮ್ಮವರು ಕಿಟಕಿ ಇಳಿಸಿ, ಎಷ್ಟು ಮೂಟೆ ಬರಬೇಕಿತ್ತು ಅಂತ ಅಷ್ಟೇ ಗಂಭೀರವಾಗಿ ವಿಚಾರಿಸಿದರು.

೫. ತೀರ್ಥ

ಮೂರನೇ ಸ್ಕ್ಯಾನ್ ಆದ ಮೇಲೆ ಡಾಕ್ಟರು ಇನ್ನು ಚಿಕಿತ್ಸೆ ಬೇಡ ಅಂದರು. ಈ ಸಲ ಇವರು ಕೆಂಪು ಟ್ರಕ್ಕನ್ನು ಬೈಯಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆದರಿಕೆ ತಂದಿತು. ಬೈದಿದ್ದರೆ ನಾನೇ ನಾಲ್ಕನೇ ಕಂಪನಿ ಹುಡುಕಿಕೊಂಡು ಹೋಗುತ್ತಿದ್ದೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ಉದ್ಧರಣೆಯಲ್ಲಿ ತೀರ್ಥ ಕೊಡಲು ಹೋದೆ. ಕೈ ತಡೆಯಿತು. ಎಲ್ಲಾ ಹೇಳಿಬಿಟ್ಟೆ. ನೀಲಿ ಮುಚ್ಚಳ, ಚೊಂಬು, ತುಳಸಿ. ನಿಮ್ಮ ಮೊದಲನೇ ಟ್ರಕ್ಕು ಕೆಡಿಸಿದವಳು ನಾನೇ ರೀ, ಅದರಿಂದಲೇ ಎಲ್ಲಾ ಕೆಟ್ಟಿತೇನೋ ಅಂತ ಅತ್ತೆ.

"ನಂಗೊತ್ತಿತ್ತು ಕಣೇ" ಅಂದರು. "ಮೆಕ್ಯಾನಿಕ್ಕು ಆ ಎಲೆ ಮೊದಲು ತೋರಿಸಿದ್ದೇ ನನಗೆ. ಟ್ರಕ್ಕಿಗೇನೂ ಆಗಿಲ್ಲ, ತೊಳೆದರೆ ಸರಿಹೋಗುತ್ತೆ ಅಂದಿದ್ದ."

ಮತ್ತೆ ಯಾಕೆ ಮಾರಿದಿರಿ ಅಂತ ಕೇಳಿದೆ.

"ಏನಾದರೂ ಒಂದು ಬದಲಾಯಿಸಬೇಕು ಅನ್ನಿಸಿತು. ನನ್ನ ಕೈಲಿ ಬದಲಾಯಿಸೋಕೆ ಆಗ್ತಿದ್ದದ್ದು ಅದೊಂದೇ."

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಉದ್ಧರಣೆ ಮುಂದೆ ಮಾಡಿದೆ. ಇವರು ಅದನ್ನು ನೋಡಿ, "ಟ್ರಕ್ಕಿಗೇ ಅರಗಲಿಲ್ಲ ಇದು. ದಿನಾ ನನಗೆ ಕುಡಿಸ್ತಿದ್ದೀಯಲ್ಲೇ" ಅಂದರು. ಆಮೇಲೆ ಬಾಯಿ ತೆರೆದು ಕುಡಿದರು.

೬. ಐದು ಮೈಲಿ

ಅವರು ಹೋದದ್ದು ಆ ಟ್ರೇಲರಿನಲ್ಲೇ, ಒಂದು ಮಧ್ಯಾಹ್ನ, ನಾನೂ ಮಗಳೂ ಎರಡೂ ಪಕ್ಕ ಕೂತಿದ್ದಾಗ. ಕೊನೆಯ ದಿನಗಳಲ್ಲಿ ಮಾತು ನಿಂತಿತ್ತು. ನೀರು ಬೇಕಾದರೆ ಮಂಚದ ಪಟ್ಟಿಯನ್ನು ಎರಡು ಸಲ ತಟ್ಟುತ್ತಿದ್ದರು, ಸಾಕಾದರೆ ಒಂದು ಸಲ.

ಕರೆದೊಯ್ಯಲು ಉದ್ದನೆಯ ಕಪ್ಪು ಗಾಡಿ ಬಂತು. ಅಕ್ಕಪಕ್ಕದ ಟ್ರೇಲರುಗಳ ರೋಗಿಗಳೂ ಅವರವರ ಕಡೆಯವರೂ ಹೊರಗೆ ಬಂದು ಹ್ಯಾಟು ತೆಗೆದು ನಿಂತರು. ಗಾಡಿಯೊಳಗೆ ಅವರನ್ನು ಮಲಗಿಸಿ ಬಾಗಿಲು ಹಾಕಿದರು. ಆಗ ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲ ಮೇಲಿನ ಕಂಪನಿಯ ಗುರುತು. ಬಿಳಿ ಟ್ರಕ್ಕಿನದು. ನಮಗೆ ಆಗಿಬರದ ಕಂಪನಿ. ಬದುಕಿದ್ದರೆ ಆ ಗಾಡಿಯನ್ನು ಮುಟ್ಟುತ್ತಲೂ ಇರಲಿಲ್ಲ ಮಹಾನುಭಾವರು.

ಡ್ರೈವರು ಒಳಗೆ ಕೂತು ಇಂಜಿನ್ ಶುರುಮಾಡಿದ. ನಾನು ಹಿಂದೆ ನಿಂತಿದ್ದೆ. ಕೈ ತಾನೇ ಎದ್ದು ಬಾಗಿಲನ್ನು ಎರಡು ಸಲ ತಟ್ಟಿತು.

ಡ್ರೈವರು ಗಾಬರಿಯಿಂದ ಇಳಿದು ಬಂದು, ಏನಾದರೂ ಮರೆತಿರಾ, ಬಾಗಿಲು ತೆಗೆಯಬೇಕಾ ಅಂತ ಕೇಳಿದ. ಮಗಳು ಅವನಿಗೆ, ಇಲ್ಲ, ಅದರರ್ಥ ನೀವಿನ್ನು ಹೊರಡಬಹುದು ಅಂತ ತಿಳಿಸಿ ಹೇಳಿದಳು. ಅವನು ಹೋಗಿ ಕೂತ. ನಾನು ಮತ್ತೆ ತಟ್ಟಲಾರದೆ ನಿಂತೆ. ಮಗಳೇ ಮುಂದೆ ಹೋಗಿ ಎರಡು ಸಲ ತಟ್ಟಿ, "ಹೋಗ್ಬನ್ನಿ ಅಪ್ಪ" ಅಂದಳು. ಕನ್ನಡದಲ್ಲಿ.

ಗಾಡಿ ಹೊರಟಿತು. ಆ ಪಾರ್ಕಿನೊಳಗೆ ಎಲ್ಲೆಲ್ಲೂ ವೇಗದ ಬೋರ್ಡು ಹಾಕಿರುತ್ತಾರೆ, ಗಂಟೆಗೆ ಐದು ಮೈಲಿ. ಡ್ರೈವರು ನಿಯಮ ಪಾಲಿಸುವ ಮನುಷ್ಯ. ಆ ಕಂಪನಿಯ ಗಾಡಿ, ನಮ್ಮವರನ್ನು ಹೊತ್ತುಕೊಂಡು, ಸರಿಯಾಗಿ ಐದೇ ಮೈಲಿಯಲ್ಲಿ ತೆವಳುತ್ತಾ ಹೋಗುತ್ತಿದೆ. ಒಂದು ಸಾಲು ಟ್ರೇಲರು ದಾಟೋಕೇ ಯುಗವಾಯಿತು.

ಮಗಳು ನನ್ನ ಭುಜ ಹಿಡಿದು ಯಾಕಮ್ಮ ಹೀಗೆ ನಡುಗ್ತಿದ್ದೀಯಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಉಸಿರು ಸಿಕ್ಕ ಮೇಲೆ ಹೇಳಿದೆ, "ಅದರ ನೀಲಿ ಮುಚ್ಚಳಕ್ಕೆ ಯಾರು ತೀರ್ಥ ಹಾಕಿದರೇ?"