ಗಿಳಿ ಸತ್ತ ಕಾಗದ

ವ್ಯಾಪಾರಿಗೆ ಚಟ ಇರಬಾರದು. ಇದ್ದರೂ ಗಿರಾಕಿಗಳ ಕಣ್ಣಿಗೆ ಬೀಳಬಾರದು. ನನ್ನದು ಗೋಡೆಯ ಮೇಲೇ ನೇತಾಡುತ್ತದೆ. ಹಾಗಾಗಿ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ.

ದೇವರಾಜ ಮೊಹಲ್ಲಾದಲ್ಲಿ ನನ್ನದು ಫೋಟೋ ಫ್ರೇಮಿನ ಅಂಗಡಿ. ಈಗ ಎಲ್ಲರಿಗೂ ಸೆಲ್ಫಿ ಸಾಕು. ಸೆಲ್ಫಿಗೆ ಯಾರೂ ಫ್ರೇಮ್ ಹಾಕಿಸುವುದಿಲ್ಲ. ಸಿನಿಮಾದವರು, ನಾಟಕದವರು ಸಹಿ ಹಾಕಿದ ಕಾಗದ ತೂಗುಹಾಕಿದರೆ ದಾರಿಹೋಕರು ನಿಲ್ಲುತ್ತಾರೆ, ನಿಂತವರಲ್ಲಿ ಯಾರಾದರೂ ಒಳಗೆ ಬರುತ್ತಾರೆ. ಲೆಕ್ಕ ಅಷ್ಟೇ. ಒಬ್ಬ ಹಿರಿಯ ಹಾಸ್ಯನಟರ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಿತು. ಅವರ ನಾಟಕ ನೋಡಿ ನಕ್ಕು ಬೆಳೆದವನು ನಾನು. ಅವರ ಕಾಗದಕ್ಕೆಂದೇ ತೇಗದ ಫ್ರೇಮ್ ಮಾಡಿ, ಗಲ್ಲಾಪೆಟ್ಟಿಗೆಯ ಹಿಂದೆ ಖಾಲಿಯಾಗಿಯೇ ನೇತುಹಾಕಿದ್ದೆ.

ನಾಯಕಿಯ ಉತ್ತರ

ಸಹಿ ಹಾಕಿದ ಕಾಗದ ಕೇಳಿ ಮೊದಲು ಬರೆದದ್ದು ಒಬ್ಬ ಸಿನಿಮಾ ನಾಯಕಿಗೆ. ಬೇರೆ ಕಾಗದ ಯಾಕೆ ದಂಡ ಅಂತ ಅಂಗಡಿಯ ಲೆಟರ್‌ಹೆಡ್ಡಿನಲ್ಲೇ ಬರೆದೆ. ಅದರ ನೆತ್ತಿಯ ಮೇಲೆ ‘ಎಲ್ಲಾ ಅಳತೆಯ ಫ್ರೇಮುಗಳು ದೊರೆಯುತ್ತವೆ’ ಅಂತ ಅಚ್ಚಾಗಿತ್ತು.

ಉತ್ತರ ಬಂತು. ಸ್ವಂತ ಕೈಬರಹ: ‘ನಮಗೆ ಫ್ರೇಮು ಬೇಡ. ಮತ್ತೆ ಬರೆಯಬೇಡಿ.’ ಕೆಳಗೆ ಸಹಿ. ಸಹಿ ಸಹಿಯೇ ಅಂತ ತೂಗುಹಾಕಿದೆ.

ಸರಸ್ವತಿಪುರಂನಿಂದ ಮದುವೆ ಫೋಟೋ ತಂದಿದ್ದ ಹೆಂಗಸೊಬ್ಬರು ನಿಧಾನವಾಗಿ ಅದನ್ನು ಓದಿದರು. ತಮ್ಮ ಫೋಟೋ ಮತ್ತೆ ಚೀಲಕ್ಕೆ ಇಳಿಸಿದರು.

“ಅವರೇ ಬೇಡ ಅಂದ್ಮೇಲೆ ನಾನ್ಯಾಕೆ ಹಾಕಿಸ್ಲಿ ಕಣ್ರೀ?”

ನಾಲ್ಕು ಮೂಲೆ

ಉತ್ತರಗಳು ಅಂಗಡಿಯ ಬಿಲ್ಲುಗಳ ಜೊತೆ ಬೆರೆಯದಿರಲಿ ಅಂತ ಆಮೇಲೆ ಮನೆಯ ವಿಳಾಸ ಕೊಡತೊಡಗಿದೆ. ಮನೆಯಲ್ಲಿ ಅವ್ವ ಇದ್ದಾಳೆ. ಒಬ್ಬ ಗಾಯಕರ ಕಾಗದ ಬಂದಾಗ ಮೊದಲು ಓದಿದವಳು ಅವಳೇ. ‘ಎಲ್ಲರಿಗೂ ಶುಭವಾಗಲಿ’ ಅಂತಿತ್ತಂತೆ. ಶುಭದ ಕಾಗದವಲ್ಲವೇ, ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದಿಟ್ಟಳು. ಗಾಯಕರು ಇಂಕ್ ಪೆನ್ನಿನಲ್ಲಿ ಸಹಿ ಹಾಕಿದ್ದು ನಾಲ್ಕನೇ ಮೂಲೆಯಲ್ಲಿ. ಒದ್ದೆ ಅರಿಶಿನಕ್ಕೆ ಅದು ಕರಗಿ ಹೋಗಿತ್ತು.

“ಮೂರು ಮೂಲೆಗೆ ಹಚ್ಚಿದ್ರೆ ಸಾಕಾಗ್ತಿರಲಿಲ್ವಾ ಅವ್ವ?”

“ಮೂರಕ್ಕೇ ಹಚ್ಚಿದ್ರೆ ಆವಯ್ಯನಿಗೆ ಒಳ್ಳೇದಾಯ್ತದೇನೋ?”

ಗಿಳಿ

ಹಾಸ್ಯನಟರು ಉತ್ತರವನ್ನೇ ಬರೆದಿರಲಿಲ್ಲ. ಫೋನು ಮಾಡಿದರೆ, “ಕೈ ನಡುಗ್ತದೆ ಕಣಪ್ಪ, ಒಂದಿನ ಬರೀತೀನಿ” ಅನ್ನುತ್ತಿದ್ದರು.

ಒಂದು ದಿನ ಊಟಕ್ಕೆ ಮನೆಗೆ ಹೋದೆ. ಬಾಗಿಲಲ್ಲಿ ಅವ್ವ, ಒದ್ದೆ ತಲೆ.

“ಒಳಕ್ಕೆ ಬರಬ್ಯಾಡ. ಬಚ್ಚಲಿಗೋಗಿ ತಲೆಗೆ ನೀರುಯ್ಕೊ.”

“ಯಾರು ಹೋದ್ರವ್ವ?”

“ನಿನ್ನ ನಾಟಕದೋರ ಮನೆ ಗಿಳಿ. ಕಾಗ್ದ ಬರೆದಿದ್ರು.”

“ಎಲ್ಲಿ ಕಾಗದ?”

“ಸಾವಿನ ಕಾಗ್ದ ಮನೇಲಿಟ್ಕೋತಾರೇನೋ? ಓದಿದ್ದೇ ಹರಿದು ನೀರೊಲೆಗೆ ಹಾಕ್ಬುಟ್ಟೆ.”

“ಸಹಿ ಇತ್ತಾ?”

“ಇತ್ತು ಕಣಪ್ಪ. ಚೆಂದಾಗಿತ್ತು.”

ಹಾಸ್ಯನಟರಿಗೆ ಫೋನು ಮಾಡಿ ಹೇಳಿದೆ. ಕೆಮ್ಮು ಬರುವ ತನಕ ನಕ್ಕರು. “ಇನ್ನೊಂದು ಬರೀತೀನಿ ಬುಡು. ಈ ಸಲ ಯಾರೂ ಸಾಯೋದಿಲ್ಲ.”

ಆದರೆ ಬರೆಯುವ ಮೊದಲೇ ಹೋಗಿಬಿಟ್ಟರು. ಹಾರ ಹಾಕುವ ಫೋಟೋಗೆ ಫ್ರೇಮು ಬೇಕು, ಈಗಲೇ ಬೇಕು ಅಂತ ಅವರ ಮಗ ಅಂಗಡಿಗೆ ಬಂದರು. ಆ ಅಳತೆಯದು ಸಿದ್ಧವಿದ್ದದ್ದು ಒಂದೇ. ಗಲ್ಲಾಪೆಟ್ಟಿಗೆಯ ಹಿಂದಿನ ತೇಗದ ಫ್ರೇಮು ಇಳಿಸಿದೆ. ಫೋಟೋದಲ್ಲೂ ಅವರು ನಗುತ್ತಿದ್ದರು. ಫ್ರೇಮು ಹೋದ ಕಡೆ ಗೋಡೆಯ ಸುಣ್ಣ ಹೊಸದಾಗಿ ಉಳಿದಿತ್ತು, ಒಂದು ಕಾಗದದಷ್ಟು ಅಗಲಕ್ಕೆ.

ಮನೆಗೆ ಬಂದರೆ ಸುದ್ದಿ ಕೇಳಿದ ಅವ್ವ ಮತ್ತೆ ತಲೆಗೆ ಮಿಂದು ನಿಂತಿದ್ದಳು.

“ಅವರೇನು ನಮಗೆ ನೆಂಟರೇ ಅವ್ವ?”

“ಅಲ್ಲ ಕಣಪ್ಪ. ಆದ್ರೆ ಗಿಳಿಗೇ ಮಿಂದೋಳು ಅವರಿಗೆ ಮೀಯದಿದ್ರೆ ಏನಂದ್ಕೊಂಡಾರು?”