ಕೊನೆಯ ಸ್ಟಾಪಿನ ಚಾರ್ಜಿಂಗ್ ಕಂಬಕ್ಕೊಂದು ಅಭಿನಂದನೆ

ನಗರ ಸಾರಿಗೆಯ ಚಾರ್ಜಿಂಗ್ ಯೋಜನಾಧಿಕಾರಿಗಳಾದ ಮಾನ್ಯರೇ,

ಕೆನಡಾದ ಮ್ಯಾನಿಟೋಬಾದ ಈ ಜನವರಿಯಲ್ಲಿ, ಎಲ್ಮ್ ಬೆಂಡ್ ಬಡಾವಣೆಯ ಸಮಸ್ತ ಪ್ರಯಾಣಿಕರ ಪರವಾಗಿ, ಕೈಗವಸು ತೊಟ್ಟೇ ತಮಗೆ ವಂದಿಸುತ್ತೇನೆ. ವಿದ್ಯುತ್ ಬಸ್ಸು ಬೇಕೆಂದು ಇಲ್ಲಿ ಮನೆಮನೆಗೆ ಕರಪತ್ರ ಹಂಚಿದವಳು ನಾನೇ, ಈಗಲೂ ಬೇಕೆನ್ನುವವಳು. ಆದ್ದರಿಂದ ತಮ್ಮ ಯೋಜನೆಯನ್ನು ಹೊಗಳುವ ಹೊಣೆಯೂ ನನ್ನ ಮೇಲೆಯೇ ಬಿದ್ದಿದೆ.

ಬಸ್ಸು ಕೊನೆಯ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತು ಚಾರ್ಜ್ ಆಗಬೇಕೆಂದು ತಾವು ಅಲ್ಲೊಂದು ಸುಂದರ ಕಂಬ ನೆಟ್ಟಿರಿ. ವೇಳಾಪಟ್ಟಿಯಲ್ಲಿ ಮಾತ್ರ ಆ ಹತ್ತು ನಿಮಿಷ ಇಡಲಿಲ್ಲ. ಹಿಮ ಬಿದ್ದರೆ ಬಸ್ಸು ತಡ, ತಡವಾದರೆ ಪ್ಲಗ್ ಹಾಕದೆ ತಿರುಗುವುದು. ಹೀಗೆ ಚಾರ್ಜ್ ಇಳಿದಾಗ ತಾವು ಮೊದಲು ಹೀಟರ್ ಆರಿಸಿದಿರಿ, ಆಮೇಲೆ ಚಾರ್ಜ್ ಉಳಿಸಲೆಂದು ಬಸ್ಸು ಎರಡು ಸ್ಟಾಪ್ ಮೊದಲೇ ಹಿಂದಿರುಗಲಿ ಎಂದು ಆದೇಶಿಸಿದಿರಿ. ಚಾರ್ಜ್ ಉಳಿಸಲು ಚಾರ್ಜರ್ ಬಳಿಗೇ ಹೋಗದಿರುವ ಇಂಥ ಸಂಯಮವನ್ನು ನಾನು ಯಾವ ಕರಪತ್ರದಲ್ಲೂ ಓದಿರಲಿಲ್ಲ.

ಕೊನೆಯ ಸ್ಟಾಪಿನಲ್ಲಿ ಡಯಾಲಿಸಿಸ್ ಕೇಂದ್ರವೂ ಇದೆ ಎಂಬುದು ಸಣ್ಣ ಸಂಗತಿ. ನಮ್ಮ ಬೀದಿಯ ಪರಾಸ್ಕಾ ಹ್ರಿಂಚುಕ್ ಅಜ್ಜಿ ಈಗ ಉಳಿದ ದಾರಿಯನ್ನು ಮಂಜುಗಡ್ಡೆಯ ಮೇಲೆ ನಡೆಯುತ್ತಾರೆ. ಇನ್ನೊಮ್ಮೆ ತಡವಾದರೆ ಅವರ ಸರದಿ ಬೇರೆಯವರಿಗೆ ಎಂದು ಕೇಂದ್ರದವರು ತಿಳಿಸಿದ್ದಾರೆ. ಚಾಲಕ ಲಾರ್ನ್ ಅಜ್ಜಿಯನ್ನು ಇಳಿಸುವಾಗ ತಲೆ ತಗ್ಗಿಸಿ, “ಮುಂದಕ್ಕೆ ಹೋದ್ರೆ ನನ್ನ ಕೆಲ್ಸ ಹೋಗತ್ತೆ ಅಜ್ಜಿ” ಎಂದರು. ಅಜ್ಜಿ ನನ್ನತ್ತ ತಿರುಗಿ, “ಹೊಗೆ ಇರಲ್ಲ ಅಂತ ನಿನ್ ಚೀಟೀಲಿ ಬರ್ದಿದ್ದೆ ಮಗಾ. ಬಸ್ಸೂ ಇರಲ್ಲ ಅಂತ ಬರ್ದಿರ್ಲಿಲ್ವಲ್ಲ” ಎಂದರು.

ಇಲ್ಲಿ ಚಳಿಯಲ್ಲಿ ಪೆಟ್ರೋಲ್ ಕಾರೂ ಹೊರಡಬೇಕಾದರೆ, ಎಂಜಿನ್ ಹೆಪ್ಪುಗಟ್ಟದಂತೆ ಬೆಚ್ಚಗಿಡಲು ಮೊದಲು ಅದಕ್ಕೆ ಪ್ಲಗ್ ಹಾಕಿ ನಿಲ್ಲಿಸಬೇಕೆಂಬುದನ್ನು ಮಕ್ಕಳೂ ಬಲ್ಲರು. ತಮ್ಮ ಕಚೇರಿಯ ಅಂಗಳದಲ್ಲೂ ಪ್ರತಿ ಕಾರಿನ ಮೂತಿಯಿಂದ ವಯರು ಜೋತಾಡುತ್ತಿರುತ್ತದೆ. ಬಸ್ಸಿಗೆ ಆ ಭಾಗ್ಯ ಕೊಡಲಾಗದಿದ್ದರೆ, ತಾವು ಬಸ್ಸನ್ನು ಪರೀಕ್ಷಿಸಿದ್ದು ಜುಲೈನ ಬೇಸಿಗೆಯಲ್ಲಾದ್ದರಿಂದ, ನಮ್ಮ ಚಳಿಗಾಲವನ್ನೂ ಅಜ್ಜಿಯ ಮೂತ್ರಪಿಂಡಗಳನ್ನೂ ಜುಲೈವರೆಗೆ ತಡೆದು ನಿಲ್ಲಿಸಲು ಆದೇಶ ಹೊರಡಿಸಬೇಕಾಗಿ ವಿನಂತಿ. ಅದು ಕಷ್ಟವೆನಿಸಿದರೆ, ಇನ್ನೊಂದು ಬಸ್ಸು ಸೇರಿಸಿ, ಆ ಹತ್ತು ನಿಮಿಷವನ್ನು ವೇಳಾಪಟ್ಟಿಯಲ್ಲಿ ಬರೆದುಬಿಡಿ.

ಬಸ್ಸಿಗಾಗಿ ಇನ್ನೂ ಕಾದು ನಿಂತಿರುವ,
ತಮ್ಮ ವಿಶ್ವಾಸಿ,
ಮಾರೆನ್ ಫ್ರೀಸನ್

ತಾ.ಕ.: ಕಂಬ ವ್ಯರ್ಥವಾಯಿತೆಂದು ಯಾರಾದರೂ ದೂರಿದರೆ ನಂಬಬೇಡಿ. ನಡೆದು ಬಂದ ಅಜ್ಜಿ ಅದನ್ನೇ ಹಿಡಿದು ನಿಂತು ಉಸಿರು ತಿರುಗಿಸಿಕೊಳ್ಳುತ್ತಾರೆ. ಸದ್ಯಕ್ಕೆ ಅದರಿಂದ ಚಾರ್ಜ್ ಆಗುತ್ತಿರುವವರು ಅವರೊಬ್ಬರೇ. ವಾರ್ಷಿಕ ವರದಿಯಲ್ಲಿ ದಯವಿಟ್ಟು ಸೇರಿಸಿಕೊಳ್ಳಿ.