ಬೊಂಬಾಯಿಯಲ್ಲಿ ಸೋದರಮಾವನ ಬೇಟೆ

ಅವ್ವನ ಜೊತೆ ಹೊರಟರೆ ಏನಾದರೊಂದು ಆಗೇ ಆಗುತ್ತದೆ. ಹನೂರಿನ ಸಂತೆಗೆ ಹೋದರೂ ತಪ್ಪಿದ್ದಲ್ಲ, ಇನ್ನು ಬೊಂಬಾಯಿಗೆ ಹೋದರೆ ಕೇಳಬೇಕೆ?

ತೊಂಬತ್ತರ ದಶಕದ ಮಾತು. ತಂಗಿಗೆ ಯಳಂದೂರಿನ ಗಂಡು ಗೊತ್ತಾಯಿತು. ಅವ್ವ ಹಟ ಹಿಡಿದಳು: "ಸೋದರ್‌ಮಾವ ಬರ್ದೆ ಧಾರೆ ಎರೆಯಾಕಿಲ್ಲ." ಆ ಮಾವ, ಅಂದರೆ ಅವ್ವನ ತಮ್ಮ, ಊರು ಬಿಟ್ಟಿದ್ದೇ ಅವ್ವನಿಂದ. "ನನ್ ಮಗಳು ದೊಡ್ಡೋಳಾದ್ರೆ ನಿಂಗೇ ಕಣ್ಲಾ" ಎಂದು ಅವಳು ಒಮ್ಮೆ ಅಂದಿದ್ದಳು. "ನಾನು ಎತ್ತಿ ಆಡ್ಸಿದ್ ಕೂಸು ಕಣಕ್ಕ" ಎಂದವನೇ ಮಾವ ಬೊಂಬಾಯಿಯ ದಾರಿ ಹಿಡಿದಿದ್ದ. ಮಾವನ ಆ ಕೋಪವೆಲ್ಲ ಈಗ ಇಳಿದಿರುತ್ತದೆ ಎಂದುಕೊಂಡು ಹೊರಟೆವು. ನಾನು ಕೊಳ್ಳೇಗಾಲದ ಕೋರ್ಟಿನಲ್ಲಿ ಸಮನ್ಸ್ ಮುಟ್ಟಿಸುವ ಅಮೀನ, ಸ್ವಭಾವದಲ್ಲಿ ಪುಕ್ಕಲು. ಚಪ್ಪರ ಹಾಕುವ ದಿನ ಹತ್ತಿರ ಬರುತ್ತಿತ್ತು. ಮಾವ ಸಿಗದಿದ್ದರೆ ಮದುವೆಯೇ ನಿಲ್ಲುತ್ತದಲ್ಲ ಎಂದು ರೈಲಿನುದ್ದಕ್ಕೂ ಬೆರಳು ಮಡಿಸಿ ದಿನ ಎಣಿಸುತ್ತಿದ್ದೆ.

ಖಾಕಿ ಅಂಗಿ

ಆಗ ನಮ್ಮ ಕಡೆ ಕಾಡಿನಲ್ಲಿ ದಂತಚೋರರ ಗಲಾಟೆಯ ಕಾಲ. ರಾಮಾಪುರದಿಂದ ಪಾಲಾರಿನವರೆಗೂ ಪೊಲೀಸರ ಚೆಕ್‌ಪೋಸ್ಟು. ಚೀಲದಲ್ಲಿ ಎರಡು ಸೇರು ಹಿಟ್ಟು ಹೆಚ್ಚಿದ್ದರೆ "ಯಾರಿಗೆ ಕೊಂಡೊಯ್ತಿದ್ದೀಯ?" ಎಂಬ ಪ್ರಶ್ನೆ. ಅವ್ವನಿಗೆ ಅದು ಮೈಗೆ ಹತ್ತಿಬಿಟ್ಟಿತ್ತು.

ಬೊಂಬಾಯಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೆ ಖಾಕಿ ತೊಟ್ಟವನೊಬ್ಬ. ಅವ್ವ ತಕ್ಷಣ ಕೂತು ರಾಗಿಹಿಟ್ಟಿನ ಚೀಲ ಬಿಚ್ಚಿದಳು. "ಕಾಡ್‌ನಲ್ಲಿರೋರ್ಗಲ್ಲ ಸಾ, ನಮ್ಗೇ. ಬೇಕಾರೆ ಕೈ ಆಕಿ ನೋಡಿ."

ಅವನು ಕೈ ಹಾಕಿದ. ಮೂಸಿದ. ಚಿಟಿಕೆ ನಾಲಿಗೆಗೂ ಹಚ್ಚಿಕೊಂಡ. ನನಗೆ ಬೆವರು ಕಿತ್ತುಕೊಂಡಿತು. ನೋಡಿದರೆ ಆಸಾಮಿ ಟ್ಯಾಕ್ಸಿ ಡ್ರೈವರು.

"ಕಿಲೋ ಎಷ್ಟಕ್ಕೆ ಕೊಡ್ತೀರಿ?" ಎಂದು ಹಿಂದಿಯಲ್ಲಿ ಕೇಳಿದ.

ಇರಾನಿಯವರ ಚಹಾ

ಮಾವ ಇರಾನಿಯವರ ಹೋಟೆಲೊಂದರಲ್ಲಿ ಅಡುಗೆಗಿದ್ದಾನೆ ಎಂಬುದಷ್ಟೇ ನಮಗೆ ಗೊತ್ತಿದ್ದ ಸುದ್ದಿ. ಕೇಳುತ್ತ ಕೇಳುತ್ತ ಆ ಹೋಟೆಲು ಸಿಕ್ಕಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಬೆಳ್ಳನೆಯ ಮುದುಕರು ಮಾವನ ಹೆಸರು ಕೇಳಿ ನಕ್ಕರು. ನಾನು ನನ್ನ ಹರಕು ಹಿಂದಿಯಲ್ಲಿ "ಇವರು ಅವನ ಅಕ್ಕ. ಶಾದಿಗೆ ಕರ್ಕೊಂಡು ಹೋಗೋಕೆ ಬಂದಿದ್ದೀವಿ" ಅಂದೆ. ನಗು ನಿಂತಿತು. "ಅಂಥವರು ಇಲ್ಲಿಲ್ಲ."

ಈ ಮಾತನ್ನು ಯಾವ ಭಾಷೆಯಲ್ಲಿ ಹೇಳಿದರೂ ನನಗೆ ಅರ್ಥವಾಗುತ್ತದೆ. ಹೇಳುವವರ ಕಣ್ಣು ಒಳಬಾಗಿಲ ಕಡೆ ಹೋಗುತ್ತದೆ. ಇವರದೂ ಹೋಯಿತು. ಒಳಗೆ ಪಾತ್ರೆಯೊಂದು ದಢಾರನೆ ಬಿತ್ತು. ನುಗ್ಗಿ ನೋಡುವಷ್ಟು ಎದೆ ನನಗಿಲ್ಲ. ಅಷ್ಟರಲ್ಲಿ ಕೇಳದೇ ಚಹಾ ಬಂತು, ಜೊತೆಗೆ ಬೆಣ್ಣೆ ಹಚ್ಚಿದ ಬ್ರೆಡ್ಡು.

ಆಗಂತೂ ಅನುಮಾನವೇ ಉಳಿಯಲಿಲ್ಲ. ನಮ್ಮ ಕಡೆಯೂ ಅಷ್ಟೇ, ಆಸಾಮಿ ಅಟ್ಟದ ಮೇಲೆ ಅಡಗಿದ್ದಾಗಲೇ ಅಮೀನನಿಗೆ ಕಾಫಿ ಸಿಗುವುದು.

ತಮಿಳರ ಗಲ್ಲಿ

ಮಾವ ಹಿಂಬಾಗಿಲಿಂದ ಎತ್ತ ಹೋದನೋ ಕೇಳೋಣವೆಂದು ಸುತ್ತಿ ಬಂದರೆ, ಹೋಟೆಲಿನ ಹಿಂದೆಯೇ ತಮಿಳರ ಗಲ್ಲಿ. ಅವ್ವ ತಮಿಳುನಾಡಿನ ಗಡಿಯ ಮಾರ್ಟಳ್ಳಿಯವಳು, ತಮಿಳು ನೀರು ಕುಡಿದಷ್ಟು ಸಲೀಸು. ನಾನು ಜೇಬು ಹಿಡಿದುಕೊಂಡು ಹಿಂದೆ ಮುಂದೆ ನೋಡುವಷ್ಟರಲ್ಲಿ ಅವಳು ಹೂ ಕಟ್ಟುವ ಹೆಂಗಸರ ನಡುವೆ ಕೂತು ತಾನೂ ಕಟ್ಟುತ್ತಿದ್ದಳು. ಆದರೆ ಮಾವನ ಹೆಸರೂ ಮದುವೆಯ ಮಾತೂ ಬಾಯಿಂದ ಬಂದದ್ದೇ, ಹೆಂಗಸರು ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತಿರುಗಿ ನೋಡಿದರೆ ಮೂವರು ಗಂಡಸರು ನಮ್ಮ ಬೆನ್ನು ಹತ್ತಿದ್ದಾರೆ. "ಓಡವ್ವಾ!" ಅಂದೆ. ನಾವು ಓಡಿದೆವು. ಅವರೂ ಓಡಿದರು. ಪ್ರಾಣ ಬಾಯಿಗೆ ಬಂತು. ತಿರುವಿನಲ್ಲಿ ಅವರು ನಮ್ಮನ್ನು ಹಿಡಿದೇಬಿಟ್ಟರು ಅನ್ನುವಷ್ಟರಲ್ಲಿ ಪಕ್ಕಕ್ಕೆ ಸರಿದು, ನಮ್ಮನ್ನು ದಾಟಿ ಮುಂದೆ ಓಡಿಹೋದರು.

"ನಮ್ಗಿಂತ ಮುಂಚೆ ಅವ್ನಿಗೆ ಸುದ್ದಿ ಮುಟ್ಸಾಕೆ ಓಯ್ತಾವ್ರೆ ಕಣ್ಲಾ," ಎಂದಳು ಅವ್ವ. "ಇಡ್ಕೊ ಅವರ್ನ!"

ಚೀನೀ ಹಲ್ಲಿನ ಡಾಕ್ಟರು

ಮೂವರೂ ಹಲ್ಲಿನ ಚಿತ್ರದ ಬೋರ್ಡಿದ್ದ ಅಂಗಡಿಗೆ ನುಗ್ಗಿದರು. ಹಿಂದೆಯೇ ನಾವು. ಒಳಗೆ ಚೀನೀ ಡಾಕ್ಟರು ಇಕ್ಕಳ ಹಿಡಿದು ನಿಂತಿದ್ದರು. ನಮ್ಮ ಹನೂರು ಕಡೆಯ ಒಡೆಯರಪಾಳ್ಯದಲ್ಲಿ ಟಿಬೇಟಿನವರ ಊರಿದೆ. ಡಾಕ್ಟರ ಮುಖ ನೋಡಿ ಅವ್ವನಿಗೆ ನೆಂಟರು ಸಿಕ್ಕಂತಾಯಿತು. "ಒಡೇರಪಾಳ್ಯದೋರಾ ಸಾ? ನಿಮ್ಮೋರತ್ರಾನೇ ಸ್ವೆಟ್ರು ತಕಂಡಿವ್ನಿ." ಡಾಕ್ಟರು ಏನೂ ತಿಳಿಯದೆ ತಲೆಯಾಡಿಸಿದರು.

ಕುರ್ಚಿಯಲ್ಲಿ ಮುಖಕ್ಕೆ ಟವೆಲು ಮುಚ್ಚಿಕೊಂಡು, ಬಾಯಿ ಮಾತ್ರ ತೆರೆದುಕೊಂಡು ಒಬ್ಬ ಮಲಗಿದ್ದ. ಅವ್ವ ಬಗ್ಗಿ ಬಾಯೊಳಗೆ ನೋಡಿದಳು. "ಮುಂದಿನ್ ಅಲ್ಲು ಇಲ್ಲ. ಉಣ್ಸೆ ಮರ ಅತ್ತಿ ಬಿದ್ದು ಮುರ್ಕಂಡೋನು ಇವ್ನೇಯ!" ಎಂದು ಟವೆಲು ಎಳೆದಳು.

ಮಾವ ಎದ್ದು ಕೈ ಮುಗಿದ. "ಅಕ್ಕಾ, ನನ್ನ ಬುಟ್ಬುಡು! ನಂಗಿಲ್ಲೇ ಮದ್ವೆ ಆಗದೆ, ಇಬ್ರು ಮಕ್ಳವ್ರೆ. ಆ ಕೂಸಿಗೆ ಬ್ಯಾರೆ ಗಂಡು ನೋಡು!"

ನಾವು ಹೇಳಿದ ಮದುವೆ ಅವನದೇ ಎಂದುಕೊಂಡು ಗಲ್ಲಿಗೆ ಗಲ್ಲಿಯೇ ಅವನನ್ನು ಬಚ್ಚಿಟ್ಟಿತ್ತು ಎಂದು ಆಗ ನನಗೆ ಹೊಳೆಯಿತು.

"ನೋಡಿ ಆಗದೆ ಕಣ್ಲಾ," ಎಂದಳು ಅವ್ವ. "ಯಳಂದೂರ್ ಗಂಡು. ನೀನು ಬಂದು ಎಣ್ಣಿನ್ ಕೈ ಇಡ್ದು ಅಸೆಮಣೆಗೆ ಕರ್ಕಂಬಾ, ಅಷ್ಟೇಯ."

ಅಬ್ಬಾ, ಮದುವೆ ಉಳಿಯಿತು ಎಂದು ನಾನು ಉಸಿರು ಬಿಟ್ಟೆ. ಆದರೆ ಮಾವನ ಮುಖ ಹುಳ್ಳಗಾಯಿತು. ಕುರ್ಚಿಯಲ್ಲೇ ನೆಟ್ಟಗೆ ಕೂತ.

"ಅಲ್ಲಕ್ಕ, ಸೋದರ್‌ಮಾವ ಅಂತ ನಾನಿನ್ನೂ ಬದ್ಕಿವ್ನಿ. ನನ್ನ ಒಂದ್ ಮಾತೂ ಕೇಳ್ದೆ ಬ್ಯಾರೆಯವ್ನಿಗೆ ಕೊಟ್‌ಬುಟ್ಯಾ? ನನ್ನತ್ರ ಇಲ್ದೇ ಇರೋದು ಅವ್ನತ್ರ ಏನದೆ?"

ಅವ್ವ ಟವೆಲನ್ನು ಅವನ ಹೆಗಲಿಗೆ ಹಾಕಿದಳು.

"ಮುಂದಿನ್ ಅಲ್ಲು ಅವೆ. ಏಳು, ರೈಲ್ಗೆ ಒತ್ತಾಯ್ತದೆ."